ನೀಲಿ ಬೆಳೆಯೋಣ, ಲೆಕ್ಕ ನಾವೇ ಬರೆಯೋಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ. ಭಾಷಣಕಾರರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಂಘಟಕರು ನನಗೆ ಕಂಪ್ಯೂಟರ್ ಬಗ್ಗೆ ಮಾತನಾಡಲು ಹೇಳಿದ್ದರು. ಅದರ ಬಗ್ಗೆ ಹೇಳುವವರು ಈಗ ಬಹಳ ಜನ ಇದ್ದಾರೆ. ನಾನು ಒಂದು ಗಿಡದ ಬಗ್ಗೆ ಹೇಳುತ್ತೇನೆ. ಕೊನೆಗೆ ಒಂದು ಕೋರಿಕೆಯೂ ಇದೆ, ಅದಕ್ಕೆ ಇಂದೇ ಉತ್ತರ ಬೇಕಾಗಿಲ್ಲ.

ನಮ್ಮ ತರಗತಿಯಲ್ಲಿ ಹಾಜರಿ ಕೂಗುವಾಗ ಬಡಿಗೇರ, ಕಂಬಾರ, ನೇಕಾರ, ನೀಲಗಾರ ಎಂದು ಅಡ್ಡಹೆಸರುಗಳು ಬರುತ್ತಿದ್ದವು. ಬಡಿಗೇರರು ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನೀಲಗಾರ ಎಂದರೇನೆಂದು ಆ ಹೆಸರಿನ ಹುಡುಗನಿಗೂ ಗೊತ್ತಿರಲಿಲ್ಲ. ಬಿಜಾಪುರ, ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ನೂಲಿಗೆ ನೀಲಿ ಬಣ್ಣ ಹಾಕುವುದನ್ನೇ ಕಸುಬು ಮಾಡಿಕೊಂಡ ಮನೆತನಗಳಿದ್ದವು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಹುಟ್ಟಿದ ನಾಡು ಇದು. ಬಣ್ಣ ಹಾಕುವವರು ಇಲ್ಲದೆ ನೇಕಾರರ ಮಗ್ಗ ನಡೆಯುತ್ತಿರಲಿಲ್ಲ. ಕಸುಬು ಹೋಯಿತು, ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಉಳಿಯಿತು.

ಬೆಂಗಳೂರಿನ ಹೊರವಲಯದಲ್ಲಿ ನಾವು ಒಂಬತ್ತು ಜನ ಗೆಳೆಯ ಗೆಳತಿಯರು ನಾಲ್ಕು ವರ್ಷದಿಂದ ಐದು ಗುಂಟೆಯಲ್ಲಿ ನೀಲಿ ಬೆಳೆಯುತ್ತಿದ್ದೇವೆ. ಅಲ್ಲಿ ಕೈಯಾರೆ ಮಾಡಿ ಕಲಿತದ್ದನ್ನೇ ಇಲ್ಲಿ ಹೇಳುತ್ತೇನೆ.

ನೀಲಿ ಗಿಡ ಹೆಸರು, ಅಲಸಂದಿಗಳ ಹಾಗೆ ದ್ವಿದಳ ಜಾತಿಯದು. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದು ಭೂಮಿಗೆ ಕೊಡುತ್ತದೆ. ಬೀಜದ ಸಿಪ್ಪೆ ಗಟ್ಟಿ, ಅದಕ್ಕೆ ಮರಳಿನಲ್ಲಿ ಸ್ವಲ್ಪ ಉಜ್ಜಿ ರಾತ್ರಿಯೆಲ್ಲ ನೆನೆಸಿ ಬಿತ್ತಬೇಕು. ಹೆಚ್ಚು ನೀರು ಬೇಡ, ನೀರು ನಿಂತರೆ ಬೇರು ಕೊಳೆಯುತ್ತದೆ. ಮುಂಗಾರಿಗೆ ಬಿತ್ತಿದರೆ ಮೂರು ತಿಂಗಳ ಸುಮಾರಿಗೆ, ಹೂ ಬಿಡುವ ಮುಂಚೆ, ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯಬೇಕು. ಮತ್ತೆ ಚಿಗುರಿ ಎರಡನೆಯ ಕೊಯ್ಲು ಕೊಡುತ್ತದೆ.

ಎಲೆ ನೋಡಿದರೆ ಹಸಿರು, ನೀಲಿ ಎಲ್ಲಿಯೂ ಕಾಣುವುದಿಲ್ಲ. ಎಲೆಯಲ್ಲಿ ಇರುವುದು ಇಂಡಿಕಾನ್ ಎಂಬ ಬಣ್ಣವಿಲ್ಲದ ವಸ್ತು. ಕೊಯ್ದ ಗಿಡವನ್ನು ಅಂದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತೇವೆ. ಹತ್ತು ಹದಿನೈದು ಗಂಟೆಯಲ್ಲಿ ಅದು ಹುದುಗಿ, ಇಂಡಿಕಾನ್ ಒಡೆದು ನೀರಿಗೆ ಇಳಿಯುತ್ತದೆ. ನೀರು ಹಳದಿ ಹಸಿರಾಗುತ್ತದೆ. ಅದನ್ನು ಎರಡನೆಯ ತೊಟ್ಟಿಗೆ ಬಸಿದು, ಸ್ವಲ್ಪ ಸುಣ್ಣದ ತಿಳಿ ಸೇರಿಸಿ, ಎರಡು ಮೂರು ಗಂಟೆ ಬಿಡದೆ ಬಡಿಯಬೇಕು. ಬಡಿದಷ್ಟೂ ಗಾಳಿ ಸೇರುತ್ತದೆ, ಗಾಳಿ ಸೇರಿದ ಹಾಗೆ ನೊರೆ ನೀಲಿಯಾಗುತ್ತದೆ. ಆಮೇಲೆ ಸುಮ್ಮನೆ ಬಿಟ್ಟರೆ ನೀಲಿ ತಳಕ್ಕೆ ಇಳಿಯುತ್ತದೆ. ಮೇಲಿನ ನೀರು ತೆಗೆದು, ಕೆಸರನ್ನು ಬಟ್ಟೆಯಲ್ಲಿ ಸೋಸಿ, ಒತ್ತಿ, ಬಿಲ್ಲೆ ಕತ್ತರಿಸಿ ನೆರಳಿನಲ್ಲಿ ಒಣಗಿಸುತ್ತೇವೆ. ನೂರು ಕಿಲೋ ಹಸಿ ಗಿಡಕ್ಕೆ ನಮಗೆ ಸಿಕ್ಕಿದ್ದು ಕಾಲು ಕಿಲೋದ ಆಚೀಚೆ. ಉಳಿದ ತಪ್ಪಲು ಒಳ್ಳೆಯ ಗೊಬ್ಬರ.

ಇದು ಒಂಟಿಯಾಗಿ ಮಾಡುವ ಕೆಲಸವಲ್ಲ. ಕೊಯ್ದ ದಿನವೇ ತೊಟ್ಟಿಗೆ ಬೀಳಬೇಕು, ಮರುದಿನವೇ ಬಡಿಯಬೇಕು. ತಮಿಳುನಾಡಿನಲ್ಲಿ ನೀಲಿ ಮಾಡುವ ಕಡೆ ಆಳುಗಳು ತೊಟ್ಟಿಯೊಳಗೆ ಸಾಲಾಗಿ ನಿಂತು ಕಾಲಿನಿಂದ ನೀರು ಒದೆಯುತ್ತಾರೆ. ನಮ್ಮಲ್ಲಿ ಒಂಬತ್ತು ಜನರೂ ಬಂದ ವಾರವೇ ಬಣ್ಣ ಚೆನ್ನಾಗಿ ಬಂದಿದೆ.

ಬಿಲ್ಲೆ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಅರೆದು ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜದ ಜೊತೆ ಹರವಿಯಲ್ಲಿ ದಿನಗಟ್ಟಲೆ ಹುದುಗಿಸಬೇಕು. ಆಗ ಅದು ಕರಗಿ ಹಳದಿ ಹಸಿರಾಗುತ್ತದೆ. ನೂಲು ಅದ್ದಿ ಮೇಲೆತ್ತಿದರೆ ಅದೂ ಹಸಿರು. ನಿಮಿಷಗಳಲ್ಲಿ ಕಣ್ಣ ಮುಂದೆಯೇ ನೀಲಿಗೆ ತಿರುಗುತ್ತದೆ. ಮಕ್ಕಳೇ, ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಉತ್ಕರ್ಷಣ, ಅಪಕರ್ಷಣ ಎಂಬ ಪಾಠ ಇದೆಯಲ್ಲ, ಅದು ಇದೇ. ನಾನು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಹರವಿಯ ಮುಂದೆ.

ಎರಡು ವರ್ಷದ ಹಿಂದೆ ನಮ್ಮ ಬಿಲ್ಲೆಗಳನ್ನು ತಂದು, ಹುಡುಗನಾಗಿದ್ದಾಗ ತನ್ನ ಅಪ್ಪನ ಜೊತೆ ಹರವಿ ನೋಡಿಕೊಂಡಿದ್ದ ಈ ಊರಿನ ಅಜ್ಜ ಒಬ್ಬರಿಗೆ ತೋರಿಸಿದೆ. ಅವರ ಹಿತ್ತಲಿನಲ್ಲೇ ಹರವಿ ಇಟ್ಟೆವು. ನಾನು ಪಿಎಚ್ ಕಾಗದ ಅದ್ದಿದೆ, 10ರ ಹತ್ತಿರ ತೋರಿಸಿತು. ಅಜ್ಜ ಎರಡು ಬೆರಳಲ್ಲಿ ನೀರು ತಿಕ್ಕಿ, ಮೂಸಿ ನೋಡಿ, ‘ಜಾರತೈತಿ, ಆದ್ರ ಇನ್ನಾ ಕೂಡಿಲ್ಲ. ನಾಳಿಗೆ ಬಾ ತಮ್ಮಾ’ ಎಂದರು. ಮರುದಿನ ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟಿತ್ತು. ನೂಲು ಎತ್ತಿ ಹಿಡಿದು, ‘ಬಣ್ಣ ಹರವ್ಯಾಗ ಇರೂದಿಲ್ಲ, ಗಾಳ್ಯಾಗ ಇರತೈತಿ’ ಎಂದರು. ಪುಸ್ತಕ ಹೇಳುವುದೂ ಅದನ್ನೇ. ಆ ಬೆರಳುಗಳಿಗೆ ಈಗ ಎಂಬತ್ತು ದಾಟಿದೆ, ಅವರಿಂದ ಕಲಿತವರು ಯಾರೂ ಇಲ್ಲ. ನನ್ನ ಕೋರಿಕೆ ಈ ವರ್ಷವೇ ಏಕೆ ಎನ್ನುವುದಕ್ಕೆ ಕಾರಣ ಇದು.

ಆದರೆ ನೀಲಿಯ ಇನ್ನೊಂದು ಮುಖವನ್ನೂ ಹೇಳಬೇಕು. ಇದೇ ಗಿಡ ರೈತರ ಕಣ್ಣೀರಿಗೂ ಕಾರಣವಾಗಿತ್ತು. ಬಂಗಾಳದಲ್ಲಿ 1859ರಲ್ಲಿ ರೈತರು ನೀಲಿ ಬಿತ್ತುವುದಿಲ್ಲವೆಂದು ದಂಗೆ ಎದ್ದರು. ಮರುವರ್ಷ ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕ ಪ್ರಕಟವಾಯಿತು. ಬಿಹಾರದ ಚಂಪಾರಣದಲ್ಲಿ ‘ತೀನ್‌ಕಠಿಯಾ’ ಎಂಬ ಪದ್ಧತಿ ಇತ್ತು. ಇಪ್ಪತ್ತು ಕಠ್ಠಾ ಜಮೀನಿನಲ್ಲಿ ಮೂರು ಕಠ್ಠಾ ನೀಲಿಯನ್ನೇ ಬಿತ್ತಬೇಕು, ಬೆಲೆ ಬಿಳಿಯ ತೋಟಗಾರರು ಹೇಳಿದ್ದೇ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯಲ್ಲಿ ತಯಾರಿಸಿದ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಗಿಡದ ನೀಲಿಯ ಬೆಲೆ ಬಿದ್ದಾಗ ತೋಟಗಾರರು ಆ ನಷ್ಟವನ್ನು ಗೇಣಿ ಏರಿಸಿ ರೈತರ ತಲೆಗೇ ಕಟ್ಟಿದರು. ರಾಜಕುಮಾರ ಶುಕ್ಲ ಎಂಬ ರೈತ ಬೆನ್ನು ಬಿಡದೆ ಕರೆದದ್ದರಿಂದ 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದರು. ಹೋದವರು ಮೊದಲು ಮಾಡಿದ್ದು ಸಾವಿರಾರು ರೈತರ ಹೇಳಿಕೆಗಳನ್ನು ಕುಳಿತು ಬರೆದುಕೊಂಡದ್ದು. 1918ರ ಕಾಯಿದೆಯಿಂದ ತೀನ್‌ಕಠಿಯಾ ರದ್ದಾಯಿತು.

ಗಿಡ ಬದಲಾಗಿಲ್ಲ, ತೊಟ್ಟಿಯೂ ಬದಲಾಗಿಲ್ಲ. ತೊಟ್ಟಿ ಯಾರದು, ಬೆಲೆ ಕಟ್ಟುವವರು ಯಾರು, ಲೆಕ್ಕ ಬರೆಯುವವರು ಯಾರು ಎಂಬುದರ ಮೇಲೆ ಅದು ವರವೋ ಶಾಪವೋ ಆಗುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘವಿದೆ. ಅಡಿಕೆ ಚೊಗರಿನಂಥ ಸಹಜ ಬಣ್ಣಗಳಲ್ಲಿ ನೂಲು ಅದ್ದಿ, ಕೈಮಗ್ಗದಲ್ಲಿ ನೇಯ್ದು, ಅವರೇ ಉಡುಪು ಹೊಲಿಯುತ್ತಾರೆ. ಅಲ್ಲಿ ಬಣ್ಣವೂ ಬಟ್ಟೆಯೂ ದುಡಿಯುವ ಹೆಂಗಸರ ಸಂಘದ್ದೇ.

ಲಾಭ ಇದೆಯೇ ಎಂದು ನೀವು ಕೇಳಬೇಕು, ಕೇಳಲೇಬೇಕು. ನಮ್ಮ ಐದು ಗುಂಟೆಯ ಲೆಕ್ಕ ಹೇಳುತ್ತೇನೆ. ಬಿಲ್ಲೆ ಮಾತ್ರ ಮಾರಿದಾಗ ಒಂಬತ್ತು ಜನರ ಕೂಲಿ ಹುಟ್ಟಲಿಲ್ಲ. ಬಣ್ಣದ ನೂಲು ಮಾರಿದಾಗ ಕೂಲಿ ಹುಟ್ಟಿತು. ಅದೇ ನೂಲು ಬಟ್ಟೆಯಾಗಿ ಹೋದಾಗ ನಾಲ್ಕು ಕಾಸು ಉಳಿಯಿತು. ಆದ್ದರಿಂದ ಜೋಳ ಬಿಟ್ಟು ನೀಲಿ ಬಿತ್ತಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳುವವರು ಬಂದರೆ ನಂಬಬೇಡಿ. ಗಿಡದ ನೀಲಿಗೂ ಕಾರ್ಖಾನೆಯ ನೀಲಿಗೂ ಬಣ್ಣದ ಅಣು ಒಂದೇ, ಬಳ್ಳಾರಿಯಲ್ಲಿ ಹೊಲಿಯುವ ಜೀನ್ಸ್‌ಗೆ ಬೇಕಾದಷ್ಟು ಬಣ್ಣವನ್ನು ನಮ್ಮ ತೊಟ್ಟಿಗಳು ಕೊಡಲಾರವು. ನಮ್ಮ ಊರಿನಲ್ಲಿ ಉಳಿದಿರುವ ಕೆಲವು ಮಗ್ಗಗಳಿಗೆ ಬೇಕಾದಷ್ಟನ್ನು ಕೊಡಬಲ್ಲವು. ಮಗ್ಗ ನಿಲ್ಲಿಸಿ ಗುಳೆ ಹೋಗುವ ಯೋಚನೆಯಲ್ಲಿರುವ ಮನೆಗೆ ಅದು ಸಣ್ಣ ಮಾತಲ್ಲ.

ಈಗ ನನ್ನ ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದ್ದೇವೆ. ಕಮಾನು ಸ್ವಲ್ಪ ಸಣ್ಣದಾಗಲಿ. ಉಳಿದ ಹಣದಲ್ಲಿ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಐದು ಗುಂಟೆ ನೀಲಿ ಮತ್ತು ಎರಡು ತೊಟ್ಟಿ ಆಗಲಿ. ಬಿತ್ತಿ, ಕೊಯ್ದು, ಬಡಿಯುವ ಕೆಲಸ ಊರಿನ ಸ್ತ್ರೀಶಕ್ತಿ ಸಂಘದವರದು, ಮೊದಲ ದಿನದಿಂದಲೇ ಕೂಲಿ ಕೊಟ್ಟು. ಮಕ್ಕಳನ್ನು ಸುಣ್ಣದ ನೀರಿಗೆ ಇಳಿಸಬಾರದು, ಅವರು ಕೂಲಿಯವರಲ್ಲ. ಅವರು ತೂಕ ಮಾಡಲಿ, ಪಿಎಚ್ ನೋಡಲಿ, ಅಜ್ಜ ಹೇಳುವುದನ್ನು ಬರೆದುಕೊಳ್ಳಲಿ. ಎಷ್ಟು ಗಿಡ, ಎಷ್ಟು ಬಿಲ್ಲೆ, ಯಾರಿಗೆ ಎಷ್ಟು ಕೂಲಿ, ಎಷ್ಟಕ್ಕೆ ಮಾರಾಟ ಎಂದು ಒಂಬತ್ತನೆಯ ತರಗತಿಯವರು ತಿಂಗಳಿಗೊಮ್ಮೆ ಶಾಲೆಯ ಹೊರಗಿನ ಫಲಕದ ಮೇಲೆ ಬರೆಯಲಿ, ಊರೆಲ್ಲ ಓದಲಿ. ತೊಟ್ಟಿಯ ಸುಣ್ಣದ ನೀರು ಹಳ್ಳಕ್ಕೆ ಹೋಗದಂತೆ ಇಂಗುಗುಂಡಿ ತೋಡುವುದು ಆ ಲೆಕ್ಕದಲ್ಲೇ ಸೇರಲಿ.

ಮೂರು ವರ್ಷ ನೋಡೋಣ. ಕೂಲಿ ಹುಟ್ಟದಿದ್ದರೆ ಫಲಕದ ಮೇಲೆ ಅದನ್ನೂ ಬರೆದು ನಿಲ್ಲಿಸೋಣ. ಆ ತೊಟ್ಟಿ ಮಳೆನೀರು ಹಿಡಿಯಲು ಆಗುತ್ತದೆ, ಆ ನೆಲ ಮೊದಲಿಗಿಂತ ಫಲವತ್ತಾಗಿರುತ್ತದೆ. ಬೀಜ ನಾನು ತಂದಿದ್ದೇನೆ, ಎರಡು ಕಿಲೋ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿದೆ. ಮುಂಗಾರಿನೊಳಗೆ ಸಭೆ ಕರೆದು ನಿಮ್ಮ ನಿರ್ಧಾರ ತಿಳಿಸಿ.