ಬಚ್ಚಲ ಒಲೆಗೆ ಬೀಳುವ ಕಸ



ಇಸಳೂರು ಸೇರಿದಂತೆ ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಹಿಂದೆ ಕಸವೆಂಬುದೇ ವಿರಳ. ಸೊಪ್ಪು, ಸಗಣಿ, ಬಾಳೆಲೆ ಗೊಬ್ಬರಗುಂಡಿಗೆ. ಅಡಿಕೆ ಸಿಪ್ಪೆ, ಒಣ ಸೋಗೆ ಬಚ್ಚಲ ಒಲೆಗೆ. ಅದರ ಬೂದಿ ಮತ್ತೆ ತೋಟಕ್ಕೆ. ಈಗ ಅದೇ ಒಲೆಗೆ ಪೇಟೆಯ ಪ್ಲಾಸ್ಟಿಕ್ ಚೀಲ, ಲೋಟಗಳೂ ಬೀಳುತ್ತಿವೆ. ಅದರ ವಿಷದ ಹೊಗೆ ಮೊದಲು ತಾಗುವುದು ಒಲೆ ಉರಿಸುವ ಹೆಂಗಸರಿಗೆ, ಮಕ್ಕಳಿಗೆ. ಬೂದಿ ಸೇರುವುದು ತೋಟವನ್ನು.

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆಗಳಿಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಿದೆ. ಆದರೂ ಕೊಳ್ಳುವವರ ಎಚ್ಚರವೇ ಮುಖ್ಯ. ಪೇಟೆಗೆ ಹೊರಡುವಾಗ ಬಟ್ಟೆಚೀಲವಿರಲಿ. ಮದುವೆ, ಮುಂಜಿಗಳಲ್ಲಿ ಬಾಳೆಲೆ, ಹಾಳೆತಟ್ಟೆ, ಸ್ಟೀಲ್ ಲೋಟ ಸಾಕು. ಕೇಳಿ ಬಡಿಸಿದರೆ ಅನ್ನ ದಂಡವಾಗದು. ಮನೆಗೆ ಬಂದ ಪ್ಲಾಸ್ಟಿಕ್ಕನ್ನು ತೊಳೆದು, ಒಣಗಿಸಿ ಪಂಚಾಯತಿಯ ಒಣಕಸ ಸಂಗ್ರಹಕ್ಕೆ ಕೊಡಬೇಕು. ಗೊಬ್ಬರಗುಂಡಿಯಲ್ಲಿ ಕೊಳೆಯದ ವಸ್ತುವನ್ನು ಕೊಳ್ಳುವ ಮೊದಲೇ ಯೋಚಿಸುವುದು ಲೇಸು.