ಮೂವರು ಬಂದರೆ ಏನು ಮಾಡುತ್ತೀರಿ?

ವಿಕಿಪೀಡಿಯ, ವಿಕಿಸೋರ್ಸ್, ಓಪನ್‌ಸ್ಟ್ರೀಟ್‌ಮ್ಯಾಪ್‌ಗಳಲ್ಲಿ ಕನ್ನಡಕ್ಕಾಗಿ ಸಂಬಳವಿಲ್ಲದೆ ದುಡಿಯುತ್ತಿರುವ ಗೆಳೆಯರೇ, ರಜೆಯ ದಿನದ ಕೆಲಸಗಳನ್ನೆಲ್ಲ ಮನೆಯವರ ತಲೆಗೆ ಕಟ್ಟಿ ಹ್ಯಾರೋ, ಹೌನ್ಸ್ಲೋ, ಕ್ರಾಯ್ಡನ್‌ಗಳಿಂದ ಬಂದಿರುವ ಲಂಡನ್ ಕನ್ನಡಿಗರೇ,

ಸ್ವಯಂಸೇವಕರೇ ಕಟ್ಟಿ ನಡೆಸುವ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಗೋಷ್ಠಿಯ ಪ್ರಸ್ತಾವ ಬರೆಯುವುದು ಹೇಗೆ ಎಂಬುದಷ್ಟೇ ಈ ಸಂಕಿರಣದ ವಿಷಯ. ಒಂದು ಅರ್ಜಿ ತುಂಬುವುದಕ್ಕೆ ಆಶಯ ಭಾಷಣ ಬೇರೆ ಬೇಕೇ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರುತ್ತದೆ. ಬೇಕು ಅನ್ನುವವನು ನಾನು. ಕನ್ನಡದ ಒಳ್ಳೆಯ ಕೆಲಸ ಹೊರಗಿನವರಿಗೆ ಗೊತ್ತಾಗದೆ ಉಳಿದಿರುವುದಕ್ಕೆ ಆ ಅರ್ಜಿಯ ಮುನ್ನೂರು ಪದಗಳೂ ಒಂದು ಕಾರಣ. ಕೆಲಸ ಕಡಿಮೆಯಾಗಿಲ್ಲ, ಅದನ್ನು ಹೇಳುವಾಗ ನಾವು ಬೇರೇನನ್ನೋ ಹೇಳುತ್ತೇವೆ.

ಈ ಊರಿನಲ್ಲೇ ನಡೆದದ್ದನ್ನು ನೆನೆಯೋಣ. 2014ರ ಆಗಸ್ಟ್‌ನಲ್ಲಿ ವಿಕಿಮೇನಿಯಾ, ಅಂದರೆ ವಿಕಿಮೀಡಿಯ ಸ್ವಯಂಸೇವಕರ ವಾರ್ಷಿಕ ಸಮ್ಮೇಳನ, ಲಂಡನ್ನಿನ ಬಾರ್ಬಿಕನ್ ಕೇಂದ್ರದಲ್ಲಿ ಸೇರಿತು. 2005ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಶುರುವಾದ ಸರಣಿ ಅದು. ಹಿಂದಿನ ವರ್ಷ ಹಾಂಗ್‌ಕಾಂಗ್‌ನಲ್ಲಿತ್ತು, ಮುಂದಿನ ವರ್ಷ ಮೆಕ್ಸಿಕೋ ಸಿಟಿಗೆ ಹೋಯಿತು. ಬಾರ್ಬಿಕನ್ ಗೊತ್ತಲ್ಲ, ಒಳಗೆ ಹೋದವರು ದಾರಿ ತಪ್ಪಬಾರದೆಂದು ನೆಲದ ಮೇಲೆ ಹಳದಿ ಗೆರೆ ಎಳೆದಿರುವ ಕಾಂಕ್ರೀಟಿನ ಚಕ್ರವ್ಯೂಹ! ಅಲ್ಲಿನ ಮುಖ್ಯ ವೇದಿಕೆಯಲ್ಲಿ ಮಾತನಾಡಿದವರಲ್ಲಿ ಬೆಂಗಳೂರು ಮೂಲದ ಸಲಿಲ್ ಶೆಟ್ಟಿಯವರೂ ಇದ್ದರು. ಆಗ ಅವರು ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಪ್ರಧಾನ ಕಾರ್ಯದರ್ಶಿ. ಅಂಥ ವೇದಿಕೆಗೆ ಆಹ್ವಾನ ಬರುತ್ತದೆ, ಅರ್ಜಿ ಬೇಕಿಲ್ಲ. ಉಳಿದ ಕೋಣೆಗಳಲ್ಲಿ ಮಾತನಾಡಿದವರೆಲ್ಲ ತಿಂಗಳುಗಟ್ಟಲೆ ಮೊದಲೇ ಪ್ರಸ್ತಾವ ಬರೆದವರು.

ಆ ಕಾಲದ ಪ್ರಸ್ತಾವದ ರೀತಿಯೇ ಬೇರೆ. ಮುಚ್ಚಿದ ಲಕೋಟೆಯ ವ್ಯವಹಾರವಿರಲಿಲ್ಲ. ವಿಕಿಯಲ್ಲೇ ಎಲ್ಲರ ಕಣ್ಣೆದುರು ಒಂದು ಪುಟ ತೆರೆದು ಬರೆಯಬೇಕು: ಶೀರ್ಷಿಕೆ, ಯಾವ ವಿಭಾಗ, ಉಪನ್ಯಾಸವೋ ಕಾರ್ಯಾಗಾರವೋ ಚರ್ಚೆಯೋ, ಎಷ್ಟು ನಿಮಿಷ, ಸಾರಾಂಶ. ಪುಟದ ಕೆಳಗೆ, ಈ ಗೋಷ್ಠಿಗೆ ಬರಲು ಆಸಕ್ತಿಯಿರುವವರು ಸಹಿ ಹಾಕಲು ಜಾಗ. ಇದನ್ನು ಮತಪೆಟ್ಟಿಗೆ ಎಂದು ತಿಳಿದು ಒಂದೇ ಸಂಜೆ ತಮ್ಮೂರಿನವರಿಂದ ಹತ್ತು ಸಹಿ ಹಾಕಿಸುವ ಉತ್ಸಾಹ ಎಲ್ಲ ಭಾಷೆಯವರಲ್ಲೂ ಇತ್ತು, ನಮ್ಮಲ್ಲಿ ಇರಲಿಲ್ಲವೆಂದು ಹೇಳಲಾರೆ. ಆಯ್ಕೆ ಸಮಿತಿ ಎಣಿಕೆಗಿಂತ ಹೆಚ್ಚಾಗಿ ಸಹಿ ಹಾಕಿದವರು ಯಾರು ಎಂಬುದನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಕನ್ನಡದ ಪ್ರಸ್ತಾವಕ್ಕೆ ಹತ್ತು ಕನ್ನಡಿಗರ ಸಹಿಗಿಂತ ಒಬ್ಬ ಜಾರ್ಜಿಯನ್ನನ, ಒಬ್ಬ ಸಿಂಹಳೀಯನ ಸಹಿ ಹೆಚ್ಚು ತೂಗುತ್ತದೆ. ಕನ್ನಡಿಗರಿಗೆ ಕನ್ನಡದ ವಿಷಯ ಬೇಕು ಎಂಬುದಕ್ಕೆ ಪುರಾವೆ ಬೇಕಿಲ್ಲವಲ್ಲ.

ಆ ನಮೂನೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಪ್ರಸ್ತಾವ ಒಪ್ಪಿಗೆಯಾಗದಿದ್ದರೂ ನೀವು ಸಮ್ಮೇಳನಕ್ಕೆ ಬರುತ್ತೀರಾ? ಓದಲು ಮುಗ್ಧ ಪ್ರಶ್ನೆ. ಲಂಡನ್ನಿನಲ್ಲಿದ್ದವರಿಗೆ ಅದು ಟ್ಯೂಬ್ ಟಿಕೆಟ್ಟಿನ ಮಾತು. ಪುತ್ತೂರಿನಲ್ಲೋ ಧಾರವಾಡದಲ್ಲೋ ಇದ್ದವರಿಗೆ ವಿಮಾನ, ವೀಸಾ, ಬ್ಯಾಂಕ್ ಸ್ಟೇಟ್‌ಮೆಂಟ್, ಕಾಲೇಜಿನ ರಜೆ, ಎಲ್ಲ ಸೇರಿದ ಪ್ರಶ್ನೆ. ಪ್ರಯಾಣದ ಸ್ಕಾಲರ್‌ಶಿಪ್ ಬೇರೆ ಅರ್ಜಿ, ಗೋಷ್ಠಿಯ ಪ್ರಸ್ತಾವ ಬೇರೆ ಅರ್ಜಿ. ಒಂದು ಸಿಕ್ಕು ಇನ್ನೊಂದು ಸಿಗದಿದ್ದಾಗ ಆಗುವ ಪೇಚು ನಿಮ್ಮಲ್ಲಿ ಹಲವರಿಗೆ ಗೊತ್ತು.

ಈಗ ಇದೇ ನಗರದ ಇನ್ನೊಂದು ಕಡೆಗೆ ಹೋಗೋಣ. ಗ್ರೆನಿಚ್ ಪರ್ಯಾಯ ದ್ವೀಪದಲ್ಲಿ, ಓ2 ಗುಮ್ಮಟದ ಪಕ್ಕದ ರೇವನ್ಸ್‌ಬೋರ್ನ್ ಕಾಲೇಜಿನಲ್ಲಿ, 2011ರಿಂದ ಮುಕ್ತ ಅಂತರಜಾಲದ ಬಗೆಗಿನ ಮೊಜಿಲ್ಲಾ ಹಬ್ಬ ನಡೆಯುತ್ತಿತ್ತು. 2019ರ ನಂತರ ಅದು ಲಂಡನ್ ಬಿಟ್ಟಿತು. ಅದರ ಪ್ರಸ್ತಾವ ನಮೂನೆಯಲ್ಲಿದ್ದ ಒಂದು ಪ್ರಶ್ನೆಯನ್ನೇ ಈ ಭಾಷಣದ ಹೆಸರಾಗಿಟ್ಟಿದ್ದೇನೆ. ನಿಮ್ಮ ಗೋಷ್ಠಿಗೆ ಮೂವರೇ ಬಂದರೆ ಏನು ಮಾಡುತ್ತೀರಿ, ಇಪ್ಪತ್ತೈದು ಮಂದಿ ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದರು. ನಾನು ಕಂಡ ಸಮ್ಮೇಳನದ ಪ್ರಶ್ನೆಗಳಲ್ಲೆಲ್ಲ ಇದೇ ಜಾಣ ಪ್ರಶ್ನೆ. ಉಪನ್ಯಾಸ ಬರೆದುಕೊಂಡು ಬಂದವನಿಗೆ ಇದಕ್ಕೆ ಉತ್ತರವಿಲ್ಲ. ಮೂವರಿಗೂ ಅದೇ ಸ್ಲೈಡು, ಮುನ್ನೂರು ಮಂದಿಗೂ ಅದೇ ಸ್ಲೈಡು. ಕೈಯಲ್ಲಿ ಒಂದು ಸಮಸ್ಯೆ ಹಿಡಿದು ಬಂದವನಿಗೆ ಮಾತ್ರ ಮೂವರು ಬಂದರೂ ಸಂತೋಷ, ಏಕೆಂದರೆ ಆ ಮೂವರಲ್ಲಿ ಒಬ್ಬನಿಗೆ ಉತ್ತರ ಗೊತ್ತಿರಬಹುದು.

ನಮ್ಮ ಪ್ರಸ್ತಾವಗಳು ಸಾಮಾನ್ಯವಾಗಿ ಹೇಗೆ ಶುರುವಾಗುತ್ತವೆ? ಕನ್ನಡಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಎಂಟು ಜ್ಞಾನಪೀಠ ಬಂದಿವೆ. ಶಾಸ್ತ್ರೀಯ ಸ್ಥಾನಮಾನ ಸಿಕ್ಕಿದೆ. 2011ರ ಜನಗಣತಿಯಂತೆ ನಾಲ್ಕು ಕೋಟಿ ಮೂವತ್ತೇಳು ಲಕ್ಷ ಮಂದಿಗೆ ಇದು ತಾಯ್ನುಡಿ. ಎಲ್ಲವೂ ನಿಜ, ಎಲ್ಲವೂ ಹೆಮ್ಮೆಯದೇ. ಆದರೆ ಅಷ್ಟರಲ್ಲಿ ನೂರು ಪದ ಮುಗಿದಿರುತ್ತದೆ, ಗೋಷ್ಠಿ ಶುರುವಾಗಿರುವುದಿಲ್ಲ. ನಮ್ಮೂರ ಸಭೆಗಳಲ್ಲಿ ಸ್ವಾಗತ ಭಾಷಣವೇ ಮುಕ್ಕಾಲು ಗಂಟೆ ನಡೆದು ಅತಿಥಿಗೆ ಐದು ನಿಮಿಷ ಉಳಿಯುವಂತೆ. ರಾತ್ರಿ ಹತ್ತರ ಮೇಲೆ ಅಡುಗೆಮನೆಯ ಮೇಜಿನಲ್ಲಿ ಕೂತು ಪ್ರಸ್ತಾವ ಓದುವ ಸಮಿತಿಯ ಸದಸ್ಯನೂ ನಮ್ಮಂತೆಯೇ ಸ್ವಯಂಸೇವಕ. ಅವನ ಮುಂದೆ ಇನ್ನೂ ಹತ್ತಾರು ಪ್ರಸ್ತಾವಗಳಿರುತ್ತವೆ, ಅವುಗಳಲ್ಲಿ ಬಹುಪಾಲು ಇನ್ಯಾವುದೋ ಭಾಷೆಯ ಪ್ರಾಚೀನತೆಯಿಂದಲೇ ಶುರುವಾಗಿರುತ್ತವೆ.

ನಾನು ಹೇಳಬೇಕಾದದ್ದು ಇಷ್ಟೇ. ಕನ್ನಡದ ಪ್ರತಿನಿಧಿಯಾಗಿ ಹೋಗಬೇಡಿ. ಒಂದು ಕಷ್ಟವನ್ನು ಪಳಗಿಸಿದವರಾಗಿ, ಅಥವಾ ಇನ್ನೂ ಪಳಗಿಸಲಾಗದೆ ಒದ್ದಾಡುತ್ತಿರುವವರಾಗಿ ಹೋಗಿ. ಅದೇ ಕಷ್ಟ ಬೇರೆ ಯಾರಿಗಿದೆ ಎಂದು ಹುಡುಕಿ, ಸಾಧ್ಯವಾದರೆ ಅವರ ಜೊತೆ ಸೇರಿಯೇ ಪ್ರಸ್ತಾವ ಬರೆಯಿರಿ.

ಹಳೆಯ ಫಾಂಟುಗಳಿಂದ ಯುನಿಕೋಡ್‌ಗೆ ಬಂದ ವಿಷಯವನ್ನೇ ತೆಗೆದುಕೊಳ್ಳಿ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿದ್ದು ನಮಗೆಲ್ಲ ಗೊತ್ತಿರುವ ದೊಡ್ಡ ಸಂಗತಿ. ಅದರ ಬಗ್ಗೆ ಹೊರಗೆ ಮಾತನಾಡುವಾಗ ನಾವು ವಿಶ್ವಕೋಶದ ಹಿರಿಮೆ ಹೇಳುತ್ತೇವೆ. ಹೊರಗಿನವರಿಗೆ ಬೇಕಾದದ್ದು ಅದರ ಪಕ್ಕದಲ್ಲಿರುವ ಪ್ರಶ್ನೆ: ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡವನ್ನು ಹೇಗೆ ಉಳಿಸಿಕೊಂಡಿರಿ? ನುಡಿ, ಬರಹ, ಶ್ರೀಲಿಪಿಗಳ ಕಾಲದ ಕಡತ ತೆರೆದರೆ, ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ಕನ್ನಡದ ಚೂರುಗಳನ್ನು ರೋಮನ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿಟ್ಟ ಕಾಲ ಅದು. ಪರಿವರ್ತಕಗಳನ್ನು ಬರೆದು, ಒತ್ತಕ್ಷರ ಹಿಂದೆ ಮುಂದೆ ಆಗುವುದನ್ನು ಸರಿಪಡಿಸಿ, ಇಪ್ಪತ್ತು ವರ್ಷ ಈ ಕೆಲಸ ಮಾಡಿದವರು ನಮ್ಮಲ್ಲಿದ್ದಾರೆ.

ಈಗ ಬರ್ಮಾದ ಕಡೆ ನೋಡಿ. ಅಲ್ಲಿ ಝಾಗ್ಯಿ ಎಂಬ ಫಾಂಟು ದೇಶವನ್ನೆಲ್ಲ ಆವರಿಸಿತ್ತು. ಯುನಿಕೋಡ್‌ಗೆ ಅಧಿಕೃತವಾಗಿ ಬದಲಾಗಲು ಅವರು 2019ರ ಅಕ್ಟೋಬರ್ 1ನ್ನು ಗೊತ್ತುಮಾಡಿದರು. ಅವರ ಕಷ್ಟ ನಮ್ಮದಕ್ಕಿಂತ ಒಂದು ಕೈ ಹೆಚ್ಚು. ಝಾಗ್ಯಿ ಬರ್ಮೀಸ್‌ನದೇ ಯುನಿಕೋಡ್ ಸಂಖ್ಯೆಗಳನ್ನು ಬೇರೆ ರೀತಿಯಲ್ಲಿ ಬಳಸಿಕೊಂಡಿತ್ತು. ಹಾಗಾಗಿ ಒಂದು ಬರಹ ಹಳೆಯದೋ ಹೊಸದೋ ಎಂದು ಪತ್ತೆ ಹಚ್ಚುವುದೇ ಕಷ್ಟ. ನಮ್ಮ ಹಳೆಯ ಕಡತ ಕಂಡ ಕೂಡಲೇ ಕೆಟ್ಟಿದೆಯೆಂದು ಗೊತ್ತಾಗುತ್ತದೆ, ಅವರದು ಕೆಟ್ಟಿದ್ದರೂ ಸರಿಯಿರುವಂತೆ ನಟಿಸುತ್ತದೆ. ಒಬ್ಬ ಕನ್ನಡಿಗ, ಒಬ್ಬ ಬರ್ಮೀಸ್ ಸ್ವಯಂಸೇವಕ ಸೇರಿ ನಲವತ್ತು ನಿಮಿಷದ ಗೋಷ್ಠಿ ಕೇಳಿದರೆ, ಯಾವ ಸಮಿತಿ ತಿರಸ್ಕರಿಸೀತು? ತಿರಸ್ಕರಿಸಿದರೂ ಆ ಇಬ್ಬರ ಪತ್ರವ್ಯವಹಾರ ಉಳಿಯುತ್ತದೆ.

ತುಳುವಿನದು ಇನ್ನೊಂದು ಕಥೆ. ತುಳು ವಿಕಿಪೀಡಿಯ ಸುಮಾರು ಎಂಟು ವರ್ಷ, ಹೊಸ ಭಾಷೆಗಳ ವಿಕಿಪೀಡಿಯಗಳನ್ನು ಬೆಳೆಸುವ ಇನ್‌ಕ್ಯುಬೇಟರ್‌ನಲ್ಲಿದ್ದು 2016ರ ಆಗಸ್ಟ್‌ನಲ್ಲಿ ಹೊರಬಂತು. ಹೊರಬರಬೇಕಾದರೆ ತಿಂಗಳಿಂದ ತಿಂಗಳಿಗೆ ಕೆಲಸ ಮಾಡುವ ಸಂಪಾದಕರು ಇರಬೇಕು, ತಂತ್ರಾಂಶದ ಸಂದೇಶಗಳು ಅನುವಾದವಾಗಿರಬೇಕು, ಭಾಷಾ ಸಮಿತಿ ಒಪ್ಪಬೇಕು. ಇದನ್ನು ‘ತುಳು ವಿಕಿಪೀಡಿಯದ ಯಶೋಗಾಥೆ’ ಎಂದು ಕಳಿಸಿದರೆ ಕೇಳುವವರು ತುಳುವರೇ. ‘ಎಂಟು ವರ್ಷ ಬಾಗಿಲಲ್ಲಿ ನಿಂತ ಭಾಷೆ: ಆರು ವರ್ಷ ಏನಾಗಲಿಲ್ಲ, ಕೊನೆಯ ಎರಡು ವರ್ಷ ಏನಾಯಿತು’ ಎಂದು ಕಳಿಸಿ ನೋಡಿ, ಇನ್‌ಕ್ಯುಬೇಟರ್‌ನಲ್ಲಿ ಕೂತಿರುವ ಪ್ರತಿಯೊಂದು ಭಾಷೆಯವರೂ ಬರುತ್ತಾರೆ. ಜೊತೆಗೆ ಈಗೊಂದು ಹೊಸ ಸಂಗತಿಯಿದೆ. 2024ರ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಕನ್ನಡ ಲಿಪಿಯಲ್ಲಿ ಬೆಳೆದ ತುಳು ವಿಕಿಪೀಡಿಯ ಇನ್ನು ಮುಂದೆ ಏನು ಮಾಡಬೇಕು? ಎರಡು ಲಿಪಿಗಳಲ್ಲಿ ವಿಕಿಪೀಡಿಯ ನಡೆಸುವ ಸರ್ಬಿಯನ್ನರನ್ನು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಗೊತ್ತಿಲ್ಲದೆ ಹೋಗುವುದು ಇಲ್ಲಿ ದೌರ್ಬಲ್ಯವಲ್ಲ.

ಲಂಡನ್ನಿನಲ್ಲಿ ಕೂತ ನಮ್ಮ ಪಾಲಿನ ಕೆಲಸ ಏನು ಎಂಬುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಇಲ್ಲಿ ನಮ್ಮ ಮುಂದಿರುವ ವಸ್ತು ಶ್ರೀಮಂತವಾದದ್ದು.

ಓಪನ್‌ಸ್ಟ್ರೀಟ್‌ಮ್ಯಾಪ್ ಹುಟ್ಟಿದ್ದೇ ಈ ಊರಿನಲ್ಲಿ. 2004ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕೋಸ್ಟ್ ಅದನ್ನು ಆರಂಭಿಸಿದರು. ಅದರ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ 2007ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನಡೆಯಿತು. ಆ ನಕ್ಷೆಯ ಹಳೆಯ ನಿಯಮವೊಂದಿದೆ: ನೆಲದ ಮೇಲೆ ಏನಿದೆಯೋ ಅದನ್ನು ಬರೆ. ಫಲಕದಲ್ಲಿ ಒಂದು ಹೆಸರು ಇದ್ದರೆ ನಿಯಮ ಸುಲಭ. ಕನ್ನಡ, ಮಲಯಾಳ ಎರಡೂ ನಡೆಯುವ ಕಾಸರಗೋಡಿನಲ್ಲಿ? ನಾವು ಮಂಜೇಶ್ವರ ಎನ್ನುವುದನ್ನು ಮಲಯಾಳದವರು ಮಂಜೇಶ್ವರಂ ಎನ್ನುತ್ತಾರೆ. ಕನ್ನಡದ ಹೆಸರು, ಮಲಯಾಳದ ಹೆಸರು ಎಂದು ಬೇರೆ ಬೇರೆ ಖಾನೆಗಳಿವೆ, ಆದರೆ ಎಲ್ಲಕ್ಕೂ ಮೇಲಿನ ‘ಹೆಸರು’ ಎಂಬ ಖಾನೆ ಒಂದೇ. ಬ್ರಸೆಲ್ಸ್‌ನವರು ಫ್ರೆಂಚ್, ಡಚ್ ಎರಡನ್ನೂ ನಡುವೆ ಅಡ್ಡಗೆರೆ ಹಾಕಿ ಅಲ್ಲೇ ಬರೆದು ತಕರಾರು ಮುಗಿಸಿಕೊಂಡಿದ್ದಾರೆ. ಈ ಊರಿನಲ್ಲೇ ಸೌಥಾಲ್ ನಿಲ್ದಾಣದಲ್ಲಿ ಗುರುಮುಖಿ ಫಲಕವಿದೆ, ವೈಟ್‌ಚಾಪೆಲ್ ನಿಲ್ದಾಣದಲ್ಲಿ 2022ರಿಂದ ಬಂಗಾಳಿಯಿದೆ. ಕಾಸರಗೋಡು, ಬ್ರಸೆಲ್ಸ್, ವೈಟ್‌ಚಾಪೆಲ್ ಮೂರನ್ನೂ ಒಂದೇ ಪ್ರಸ್ತಾವದಲ್ಲಿ ತರುವವರು ಲಂಡನ್ನಿನ ಕನ್ನಡಿಗರಲ್ಲದೆ ಇನ್ಯಾರು? ಕಾಸರಗೋಡಿನ ಗಡಿಯ ಜಗಳವನ್ನು ಸಮ್ಮೇಳನಕ್ಕೆ ಒಯ್ಯಬೇಕಿಲ್ಲ, ಖಾನೆಯ ಪ್ರಶ್ನೆ ಒಯ್ದರೆ ಸಾಕು.

ಇನ್ನು ಸೇಂಟ್ ಪ್ಯಾಂಕ್ರಾಸ್‌ನ ಬ್ರಿಟಿಷ್ ಲೈಬ್ರರಿ. ಇದರ ಪೂರ್ವರೂಪವಾದ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿದ್ದ ಕನ್ನಡ, ಬಡಗ, ಕೊಡವ ಪುಸ್ತಕಗಳ ಪಟ್ಟಿಯನ್ನು ಎಲ್. ಡಿ. ಬಾರ್ನೆಟ್ 1910ರಲ್ಲಿ ಪ್ರಕಟಿಸಿದರು. 2023ರ ಅಕ್ಟೋಬರ್‌ನ ಸೈಬರ್ ದಾಳಿಯಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕ ಸೂಚಿಯೇ ತಿಂಗಳುಗಟ್ಟಲೆ ಕೈಗೆ ಸಿಗದಾಗ, ಅಚ್ಚಿನ ಪಟ್ಟಿಗಳ ಬೆಲೆ ಮತ್ತೆ ತಿಳಿಯಿತು. ಬಾರ್ನೆಟ್ ಪಟ್ಟಿಯನ್ನು ವಿಕಿಡೇಟಾಕ್ಕೆ ಏರಿಸುವುದು ಒಂದು ಕೆಲಸ. ಗೋಷ್ಠಿಗೆ ಅದಕ್ಕಿಂತ ಒಳ್ಳೆಯ ವಸ್ತು ಅದರ ಹಕ್ಕುಸ್ವಾಮ್ಯ. ಬಾರ್ನೆಟ್ ತೀರಿಕೊಂಡದ್ದು 1960ರಲ್ಲಿ. ಭಾರತದ ಕಾನೂನು ಲೇಖಕ ತೀರಿದ ಮೇಲೆ 60 ವರ್ಷ ಎನ್ನುತ್ತದೆ, ಬ್ರಿಟನ್ನಿನದು 70. ಆ ಲೆಕ್ಕದಲ್ಲಿ ಅದೇ ಪುಸ್ತಕ ಬೆಂಗಳೂರಿನಲ್ಲಿ 2021ರಿಂದ ಮುಕ್ತ, ಅದು ಹುಟ್ಟಿದ ಲಂಡನ್ನಿನಲ್ಲಿ 2030 ಮುಗಿಯುವ ತನಕ ಬಂಧಿ. ಈ ಸಿಕ್ಕನ್ನು ಬಿಡಿಸುವ ಗೋಷ್ಠಿಗೆ ಆಫ್ರಿಕದ ಗ್ರಂಥಪಾಲಕರೂ ಬಂದಾರು, ಅವರ ಪುಸ್ತಕಗಳೂ ಇಲ್ಲೇ ಇವೆ.

ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಬಗ್ಗೆ ಪ್ರಸ್ತಾವ ಬರೆಯಬೇಕೆಂದು ಇಬ್ಬರು ಕೇಳಿದ್ದರು. ಪ್ರತಿಮೆಯ ಫೋಟೋ ಹಾಕಿ ಲೇಖನ ಬರೆಯಿರಿ, ಸಾರ್ವಜನಿಕ ಜಾಗದ ಶಿಲ್ಪದ ಚಿತ್ರಕ್ಕೆ ಬ್ರಿಟನ್ನಿನ ಕಾನೂನು ಅಡ್ಡಿ ಮಾಡುವುದಿಲ್ಲ. ಗೋಷ್ಠಿಗೆ ಅಷ್ಟು ಸಾಲದು. ವಚನಗಳ ಬಗ್ಗೆಯೇ ಹೋಗಬೇಕೆಂದಿದ್ದರೆ ವಚನ ಸಂಚಯದವರ ಕೆಲಸ ಹಿಡಿದು ಹೋಗಿ. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳನ್ನು ಪದಪದವಾಗಿ ಹುಡುಕುವಂತೆ ಮಾಡಿದ್ದು ಯಾವ ಭಾಷೆಯ ಸಮ್ಮೇಳನದಲ್ಲೂ ನಿಲ್ಲುವ ವಿಷಯ.

ಭಾಷೆಯ ಬಗ್ಗೆ ಒಂದು ಮಾತು. ಈ ಸಮ್ಮೇಳನಗಳಲ್ಲಿ ನೇರ ಅನುವಾದ ಸಿಗುವುದು ಕೆಲವೇ ದೊಡ್ಡ ಭಾಷೆಗಳಿಗೆ, ಹಾಗಾಗಿ ಪ್ರಸ್ತಾವ ಇಂಗ್ಲಿಷಿನಲ್ಲಿ ಹೋದರೇ ಒಳ್ಳೆಯದು. ಆದರೂ ಮೊದಲ ಕರಡು ಕನ್ನಡದಲ್ಲಿ ಬರೆಯಿರಿ ಎಂಬುದು ನನ್ನ ಹಟ. ಇಂಗ್ಲಿಷಿನಲ್ಲಿ ನೇರ ಬರೆದರೆ ‘ಸಬಲೀಕರಣ’, ‘ಒಳಗೊಳ್ಳುವಿಕೆ’ಯಂಥ ಸಮ್ಮೇಳನದ ಸಿದ್ಧಮಾತುಗಳು ಕರೆಯದೆ ಬಂದು ಕೂರುತ್ತವೆ. ಕನ್ನಡದಲ್ಲಿ ಗೆಳೆಯನಿಗೆ ಹೇಳುವಂತೆ ಬರೆದರೆ ಏನು ಮಾಡಿದೆವು, ಎಲ್ಲಿ ಸಿಕ್ಕಿಕೊಂಡೆವು ಎಂಬುದು ತಾನಾಗಿ ಬರುತ್ತದೆ. ಲಂಡನ್ನಿನ ನಮ್ಮಲ್ಲಿ ಹಲವರಿಗೆ ಈ ದೇಶದ ಪಾಸ್‌ಪೋರ್ಟ್ ಇದೆ, ವೀಸಾದ ತೊಡಕು ಕಡಿಮೆ. ಅದರಿಂದಾಗಿ ಕೆಲಸ ಮಾಡಿದವರು ಉಜಿರೆಯಲ್ಲಿ, ಮಾತನಾಡುವವರು ಲಂಡನ್ನಿನವರು ಎಂದಾಗುವ ಅಪಾಯವಿದೆ. 2021ರ ವಿಕಿಮೇನಿಯಾದಿಂದೀಚೆಗೆ ದೂರದಿಂದಲೂ ಭಾಗವಹಿಸುವ ದಾರಿಯಿದೆ. ಪ್ರಸ್ತಾವದ ಮೊದಲ ಹೆಸರು ಕೆಲಸ ಮಾಡಿದವರದೇ ಇರಲಿ. ಅವರು ಪರದೆಯ ಮೇಲೆ ಮಾತನಾಡಲಿ, ನಾವು ಕೋಣೆಯಲ್ಲಿದ್ದು ಪ್ರಶ್ನೆಗಳನ್ನು ನೋಡಿಕೊಳ್ಳೋಣ.

ಊಟದ ನಂತರ, ಇಲ್ಲಿ ಪ್ರಸ್ತಾವ ಬರೆಯುತ್ತಿರುವ ನಾಲ್ಕು ಗುಂಪುಗಳ ಇಂಗ್ಲಿಷ್ ಕರಡುಗಳನ್ನು ಕನ್ನಡ ಬಾರದ ಮೂವರು ಸ್ವಯಂಸೇವಕರು ಓದುತ್ತಾರೆ. ಒಬ್ಬರು ವೆಲ್ಷ್, ಒಬ್ಬರು ಬಂಗಾಳಿ, ಇನ್ನೊಬ್ಬರು ಪೋಲಿಷ್ ವಿಕಿಪೀಡಿಯದವರು. ಓದಿ ಮುಗಿಸಿದ ಮೇಲೆ ಅವರನ್ನು ಒಂದೇ ಕೇಳುತ್ತೇವೆ: ಈ ಗೋಷ್ಠಿಗೆ ನೀವು ಬರುತ್ತೀರಾ, ಬಂದರೆ ಯಾಕೆ? ಬರೆದವರು ನಡುವೆ ಬಾಯಿ ಹಾಕಿ ವಿವರಿಸುವಂತಿಲ್ಲ. ಮೊದಲು ಕಾಸರಗೋಡಿನ ನಕ್ಷೆಯ ಗುಂಪು. ಶೀರ್ಷಿಕೆಯನ್ನು ಇನ್ನೂ ಬದಲಾಯಿಸುವುದಿದ್ದರೆ ಊಟದ ಹೊತ್ತಿದೆ.