ಗಂಟಲಲ್ಲಿ ಸಿಕ್ಕಿಕೊಂಡ ಪ್ರಶ್ನೆ



ಹಿಂದಿನ ಕೆಲವು ಕಂತುಗಳನ್ನು ಕೇಳಿದ ತುಂಬಾ ಜನ ಮೆಸೇಜ್ ಮಾಡಿದ್ರಿ. ದನಿ ಯಾಕೋ ಕಟ್ಟಿದ ಹಾಗಿದೆ, ಶೀತನಾ ಅಂತ. ನಾನು "ಹೌದು, ಹವಾಮಾನ ಸರಿಯಿಲ್ಲ" ಅಂತ ಉತ್ತರ ಕೊಟ್ಟೆ. ಅದು ಸುಳ್ಳು. ನನಗೆ ಶೀತ ಆಗಿರಲಿಲ್ಲ. ನಾಲ್ಕು ತಿಂಗಳಿಂದ ಎರಡೂ ಟಾನ್ಸಿಲ್ ಊದಿಕೊಂಡಿದ್ದವು. ಅದಕ್ಕಿಂತ ಹೆಚ್ಚಾಗಿ, ಒಂದು ಪ್ರಶ್ನೆ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಇವತ್ತು ಆ ವಿಷಯ ಮಾತಾಡೋಣ. ದೇಹದ ವಿಷಯ, ದಾಂಪತ್ಯದ ವಿಷಯ ಎರಡೂ ಬರುತ್ತವೆ. ಮುಜುಗರ ಅನ್ನಿಸಿದರೆ ಇಯರ್‌ಫೋನ್ ಹಾಕ್ಕೊಳ್ಳಿ, ಆದರೆ ದಯವಿಟ್ಟು ಕೇಳಿ.

ನಮ್ಮೂರು ರುದ್ರಪಟ್ಟಣ, ಅರಕಲಗೂಡು ತಾಲ್ಲೂಕು, ಕಾವೇರಿ ದಂಡೆ. ಗಂಟಲು ಅಂದರೆ ನಮ್ಮೂರಲ್ಲಿ ಸಣ್ಣ ವಿಷಯ ಅಲ್ಲ. ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಇಲ್ಲೇ. ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದವರು. ರುದ್ರಪಟ್ಟಣಂ ಸಹೋದರರು ಅಂತ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ, ಎಲ್ಲರ ಬೇರೂ ಈ ಊರೇ. ತಂಬೂರಿ ಆಕಾರದ ಗುಡಿ ನಮ್ಮೂರಲ್ಲಿದೆ. ಇಂಥ ಊರಲ್ಲಿ ಹುಟ್ಟಿ ನಾನು ಹಾಡಲಿಲ್ಲ, ಬಿ.ಕಾಂ ಮಾಡಿದೆ. ಆದರೂ ಕೊನೆಗೆ ಹೊಟ್ಟೆಪಾಡಿಗೆ ಹಿಡಿದದ್ದು ಗಂಟಲನ್ನೇ.

ಶುರುವಾದದ್ದು ಸಾಮಾನ್ಯ ಗಂಟಲು ನೋವಿನಿಂದ. ಮೆಡಿಕಲ್ ಸ್ಟೋರಿಗೆ ಹೋಗಿ "ಟಾನ್ಸಿಲ್ ಆಗಿದೆ" ಅಂದೆ. ಮೂರು ದಿನದ ಆ್ಯಂಟಿಬಯಾಟಿಕ್ ಕೊಟ್ಟರು. ಸ್ವಲ್ಪ ಕಡಿಮೆ ಆಯ್ತು, ಮತ್ತೆ ಬಂತು. ಇನ್ನೊಂದು ಕೋರ್ಸ್, ಆಮೇಲೆ ಮತ್ತೊಂದು. ಅಮ್ಮ ಉಪ್ಪು ನೀರು, ಅರಿಶಿನದ ಹಾಲು ಎಲ್ಲ ಮಾಡಿ ಕೊಟ್ಟರು. ನೋವು ಹೋಯಿತು, ಊತ ಹೋಗಲಿಲ್ಲ. ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಾಕ್ಕೊಂಡು ಬಾಯಿ ತೆರೆದರೆ ಕಿರುನಾಲಿಗೆಯ ಎರಡೂ ಪಕ್ಕ ಎರಡು ಉಂಡೆ, ಮೇಲೆ ಬಿಳಿ ಚುಕ್ಕೆ.

ಆಮೇಲೆ ರಾತ್ರಿ ಹೊತ್ತು ಇಂಟರ್‌ನೆಟ್‌ನಲ್ಲಿ ಹುಡುಕೋಕೆ ಶುರು ಮಾಡಿದೆ. ಮೂರನೇ ದಿನ ಎಚ್‌ಪಿವಿ ಅನ್ನೋ ಹೆಸರು ಸಿಕ್ಕಿತು. ಹ್ಯೂಮನ್ ಪ್ಯಾಪಿಲೋಮ ವೈರಸ್. ಬಾಯಿಯ ಮೂಲಕ ನಡೆಸುವ ಲೈಂಗಿಕ ಸಂಪರ್ಕದಿಂದ ಗಂಟಲಿಗೂ ಬರಬಹುದು, ಮುಂದೆ ಟಾನ್ಸಿಲ್ ಕ್ಯಾನ್ಸರ್‌ಗೂ ಕಾರಣ ಆಗಬಹುದು ಅಂತ ಓದಿದೆ. ನನಗೆ ಹಿಂದೆ ಒಂದು ಸಂಬಂಧ ಇತ್ತು, ಮುಗಿದು ಮೂರು ವರ್ಷ ಆಗಿದೆ. ಈಗ ಬೇರೆ ಹುಡುಗಿಯ ಜೊತೆ ನಿಶ್ಚಿತಾರ್ಥ ಆಗಿದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿಕೊಂಡೆ. ಅವತ್ತಿಂದ ನಿದ್ದೆ ಹೋಯ್ತು.

ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಹೋದರೆ ಅವರು ಕೇಳ್ತಾರೆ, ಕೇಳಿದರೆ ಹೇಳಬೇಕು, ಹೇಳಿದರೆ ಊರಿಗೆ ಗೊತ್ತಾಗುತ್ತೆ ಅನ್ನೋ ಭಯ. ಹೀಗೇ ಎರಡು ತಿಂಗಳು ಕಳೆಯಿತು. ಕೊನೆಗೆ ಅಮ್ಮನೇ ಹಿಡಿದುಕೊಂಡು ಹಾಸನಕ್ಕೆ ಕರ್ಕೊಂಡು ಹೋದರು, ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ.

ಅಲ್ಲಿ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹಿರಿಯರು ಕೂತಿದ್ದರು. ಗುರುತು ಸಿಗೋ ಹಾಗೆ ಏನೂ ಹೇಳಲ್ಲ, ನಮ್ಮ ತಾಲ್ಲೂಕಿನವರು, ಹೊಗೆಸೊಪ್ಪು ಬೆಳೆಯೋರು ಅಂತಷ್ಟೇ ಹೇಳ್ತೀನಿ. ಹೊರಗಿನ ಕೇಳುಗರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಪಕ್ಕದ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಸುತ್ತಮುತ್ತಲ ಎಷ್ಟೋ ಮನೆಗಳ ಮದುವೆ, ಮಕ್ಕಳ ಫೀಸು, ಸಾಲದ ಕಂತು ಎಲ್ಲ ಆ ಹರಾಜಿನ ಮೇಲೆಯೇ ನಿಂತಿದೆ. "ಏನಾಗೈತೆ ಮಗ?" ಅಂದರು. ಟಾನ್ಸಿಲ್ ಅಂದೆ. "ನಂಗೂ ಅದೇಯ. ಆರು ತಿಂಗಳಾಯ್ತು. ಈ ಒಂದೇ ಕಡೀಕೆ, ಕಿವೀಗೂ ಎಳೀತದೆ. ಮೆಡಿಕಲ್ಲಲ್ಲಿ ಮಾತ್ರೆ ತಕತಾ ಇದ್ದೆ" ಅಂದರು. ಮಾತಾಡುವಾಗ ಕೆನ್ನೆಯ ಒಳಗೆ ಎಲೆ ಅಡಿಕೆ, ಕಡ್ಡಿಪುಡಿ ಇತ್ತು.

ನನ್ನ ಸರದಿ ಬಂತು. ಡಾಕ್ಟರು ಲೈಟ್ ಹಾಕಿ ನೋಡಿದರು, ಗ್ಲೌಸ್ ಹಾಕ್ಕೊಂಡು ಟಾನ್ಸಿಲ್ ಮುಟ್ಟಿ ನೋಡಿದರು, ಕುತ್ತಿಗೆಯನ್ನು ಎರಡೂ ಕಡೆ ಒತ್ತಿ ನೋಡಿದರು. ರಾತ್ರಿ ಎಷ್ಟು ಹೊತ್ತಿಗೆ ಊಟ, ಎಷ್ಟು ಕಾಫಿ, ಎದೆ ಉರಿ ಬರುತ್ತಾ ಅಂತ ಕೇಳಿದರು. ರೆಕಾರ್ಡಿಂಗ್ ಮುಗಿಸಿ ಹನ್ನೆರಡೂವರೆಗೆ ಊಟ ಮಾಡಿ ಹಾಗೇ ಮಲಗೋನು ನಾನು. ಹೊಟ್ಟೆಯ ಆಮ್ಲ ಮೇಲೆ ಬಂದು ಗಂಟಲು ಕೆರಳಿದೆ, ಟಾನ್ಸಿಲ್ ಗುಳಿಗಳಲ್ಲಿ ಕಸ ಕೂತು ಗಟ್ಟಿಯಾಗಿದೆ, ಆ ಬಿಳಿ ಚುಕ್ಕೆ ಅದೇ, ಕೀವಲ್ಲ ಅಂದರು. ಔಷಧಿ ಬರೆದರು. ಅಮ್ಮನ ಮುಖ ಅರಳಿತು. ಹೊರಗೆ ಬಂದ್ವಿ.

ಆದರೆ ನನ್ನ ಪ್ರಶ್ನೆ ಕೇಳಿರಲೇ ಇಲ್ಲ. ಅಮ್ಮ ಪಕ್ಕದಲ್ಲೇ ಇದ್ದರಲ್ಲ. "ಅಮ್ಮ, ಮೊಬೈಲ್ ಒಳಗೆ ಬಿಟ್ಟೆ" ಅಂತ ಸುಳ್ಳು ಹೇಳಿ ಮತ್ತೆ ಒಳಗೆ ಹೋದೆ. ಮೊಬೈಲ್ ಜೇಬಲ್ಲೇ ಇತ್ತು. ನಿಂತುಕೊಂಡೇ ಕೇಳಿಬಿಟ್ಟೆ: "ಡಾಕ್ಟ್ರೇ, ಇದು ಎಚ್‌ಪಿವಿ ಇರಬಹುದಾ?"

ಅವರು ನಗಲಿಲ್ಲ, ಉಪದೇಶ ಮಾಡಲಿಲ್ಲ. ಕೂತ್ಕೊಳ್ಳಿ ಅಂದರು. ಅವರು ಹೇಳಿದ್ದನ್ನು, ಆಮೇಲೆ ನಾನು ಓದಿ ಸರಿ ನೋಡಿಕೊಂಡದ್ದನ್ನು ಸೇರಿಸಿ ಹೇಳ್ತೀನಿ.

ಒಂದು, ಟಾನ್ಸಿಲ್ ಅನ್ನೋದು ಕಾಯಿಲೆಯ ಹೆಸರಲ್ಲ. ಎಲ್ಲರಿಗೂ ಇರುವ ಅಂಗ, ಗಂಟಲ ಬಾಗಿಲಲ್ಲಿ ಕಾವಲು ಕಾಯುತ್ತೆ. ಸೋಂಕು ಬಂದರೆ ಊದಿಕೊಳ್ಳುತ್ತೆ. ಹೆಚ್ಚಿನ ಸಲ ಕಾರಣ ಸಾಮಾನ್ಯ ವೈರಸ್‌ಗಳು. ಅವಕ್ಕೆ ಆ್ಯಂಟಿಬಯಾಟಿಕ್ ಕೆಲಸವೇ ಮಾಡಲ್ಲ. ನಾನು ನುಂಗಿದ ಮೂರು ಕೋರ್ಸ್ ದಂಡ.

ಎರಡು, ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆ ಇವೆ. ಗಂಟಲ ಕ್ಯಾನ್ಸರ್‌ಗೆ ಮುಖ್ಯವಾಗಿ ಸಂಬಂಧ ಇರೋದು 16 ಅನ್ನೋ ಬಗೆಗೆ. ಸೋಂಕು ತಗುಲಿದ ಬಹುಪಾಲು ಜನರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಹೊರಹಾಕುತ್ತೆ. ಗಂಟಲಲ್ಲಿ ಈ ಸೋಂಕು ಇದ್ದರೂ ಸಾಮಾನ್ಯವಾಗಿ ನೋವಿಲ್ಲ, ಊತವಿಲ್ಲ, ಇರೋದೇ ಗೊತ್ತಾಗಲ್ಲ. ಉಳಿದುಕೊಂಡ ಕೆಲವರಲ್ಲಿ ಮಾತ್ರ, ಅದೂ ಎಷ್ಟೋ ವರ್ಷಗಳ ನಂತರ, ಕ್ಯಾನ್ಸರ್ ಆಗಬಹುದು. ಅಂದರೆ ನನ್ನ ಊತಕ್ಕೂ ನನ್ನ ಭಯಕ್ಕೂ ನೇರ ಸಂಬಂಧ ಇರಲಿಲ್ಲ.

ಮೂರು, "ಹಾಗಾದ್ರೆ ಟೆಸ್ಟ್ ಮಾಡಿ, ಇಲ್ಲ ಅಂತ ಬರೆದುಕೊಡಿ" ಅಂದೆ. ಆಗಲ್ಲ ಅಂದರು. ಹೆಂಗಸರ ಗರ್ಭಕಂಠಕ್ಕೆ ತಪಾಸಣೆ ಇದೆ. ಆರೋಗ್ಯವಾಗಿರೋರ ಗಂಟಲಿಗೆ ಅಂಥ ಒಪ್ಪಿತ ತಪಾಸಣೆ ಇಲ್ಲ. ಕಾಮರ್ಸ್ ಓದಿದವನಿಗೆ ಇದು ಅರ್ಥವಾಗುತ್ತೆ. ಕಂಟಿಂಜೆಂಟ್ ಲಯಬಿಲಿಟಿ ಅಂತೀವಲ್ಲ, ಬರಬಹುದು, ಬರದೇ ಇರಬಹುದು, ಮೊತ್ತ ಗೊತ್ತಿಲ್ಲ. ಅದನ್ನು ಸಾಲ ಅಂತ ಬ್ಯಾಲೆನ್ಸ್ ಶೀಟಿಗೆ ಹಾಕೋ ಹಾಗಿಲ್ಲ, ಕೆಳಗೆ ಒಂದು ಟಿಪ್ಪಣಿ ಬರೆದು ಮುಂದೆ ಹೋಗಬೇಕು. ನಾನು ನಾಲ್ಕು ತಿಂಗಳಿಂದ ಅದನ್ನು ಪೂರ್ತಿ ಸಾಲ ಅಂತಲೇ ಬರೆದುಕೊಂಡು ಬಡ್ಡಿ ಕಟ್ಟುತ್ತಿದ್ದೆ.

ನಾಲ್ಕು, ಇದನ್ನು ದಯವಿಟ್ಟು ನೆನಪಿಡಿ. ಯಾವಾಗ ಹೆದರಬೇಕು? ಒಂದೇ ಕಡೆಯ ಟಾನ್ಸಿಲ್ ದೊಡ್ಡದಾದರೆ. ಕುತ್ತಿಗೆಯಲ್ಲಿ ನೋವಿಲ್ಲದ ಗಡ್ಡೆ ಉಳಿದುಕೊಂಡರೆ. ಬಾಯಲ್ಲಿ, ಗಂಟಲಲ್ಲಿ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ. ನುಂಗೋಕೆ ಕಷ್ಟ, ಒಂದೇ ಕಿವಿಗೆ ಎಳೆಯುವ ನೋವು, ಉಗುಳಿನಲ್ಲಿ ರಕ್ತ, ವಾರಗಟ್ಟಲೆ ಬದಲಾಗಿಯೇ ಇರುವ ದನಿ, ಕಾರಣವಿಲ್ಲದೆ ಇಳಿಯುವ ತೂಕ. ಇವುಗಳಲ್ಲಿ ಯಾವುದಿದ್ದರೂ ಮೆಡಿಕಲ್ ಸ್ಟೋರ್ ಅಲ್ಲ, ಡಾಕ್ಟರ ಹತ್ತಿರ ಹೋಗಿ.

ಕೊನೆಗೆ ಅವರು ಒಂದು ಮಾತು ಹೇಳಿದರು. ಅಮೆರಿಕದಂಥ ದೇಶಗಳಲ್ಲಿ ಟಾನ್ಸಿಲ್ ಭಾಗದ ಕ್ಯಾನ್ಸರ್‌ಗೆ ಎಚ್‌ಪಿವಿಯೇ ದೊಡ್ಡ ಕಾರಣ ಆಗಿದೆ. ನಮ್ಮಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಈಗಲೂ ದೊಡ್ಡ ಕಾರಣ ತಂಬಾಕು. "ನೀವು ಓದಿದ್ದು ಅಲ್ಲಿನ ಭಯ, ಇಲ್ಲಿನದು ಹೊರಗೆ ಬೆಂಚಿನ ಮೇಲೆ ಕೂತಿದೆ" ಅಂದರು. ಒಂದೇ ಕಡೆ, ಕಿವಿಗೆ ಎಳೆಯುತ್ತೆ, ಆರು ತಿಂಗಳು. ನನಗೆ ಆಗ ಹೊಳೆಯಿತು.

ಔಷಧಿ ತಗೊಂಡು ಬರುವಷ್ಟರಲ್ಲಿ ಆ ಹಿರಿಯರೂ ಹೊರಗೆ ಬಂದಿದ್ದರು. ಚೀಟಿ ನನ್ನ ಕೈಗೆ ಕೊಟ್ಟು "ಏನ್ ಬರ್ದವ್ರೆ, ವಸಿ ನೋಡು ಮಗ" ಅಂದರು. ಬಯಾಪ್ಸಿ ಅಂತ ಬರೆದಿತ್ತು. "ಒಂದು ಚೂರು ತೆಗೆದು ಪರೀಕ್ಷೆ ಮಾಡ್ತಾರೆ ತಾತ, ಈ ವಾರವೇ ಬನ್ನಿ ಅಂದಿದ್ದಾರೆ" ಅಂದೆ. "ಈಗೆಲ್ಲಿ ಆಗ್ತದೆ? ಸೊಪ್ಪು ಮಾರ್ಕೆಟ್ಟಿಗೆ ಹಾಕ್ಬುಟ್ಟು ಬತ್ತೀನಿ" ಅಂದರು.

ನಾನು ನಾಲ್ಕು ತಿಂಗಳು ನಾಚಿಕೆಯಿಂದ ತಡ ಮಾಡಿದೆ. ಅವರು ಆರು ತಿಂಗಳು ಭಯವೇ ಇಲ್ಲದೆ ತಡ ಮಾಡಿದ್ದರು. ನನ್ನ ತಡಕ್ಕೆ ಬೆಲೆ ಕಟ್ಟಬೇಕಾಗಿ ಬರಲಿಲ್ಲ, ಅದು ನನ್ನ ಅದೃಷ್ಟ. "ತಾತ, ಹರಾಜು ತಿಂಗಳುಗಟ್ಟಲೆ ನಡೆಯುತ್ತೆ, ಮಗನ ಕೈಲಿ ಹಾಕಿಸಿ. ಇದು ಕಾಯಲ್ಲ" ಅಂದೆ. ಅಮ್ಮ ಅವರ ಮಗನ ನಂಬರ್ ಕೇಳಿ, ಅಲ್ಲೇ ನಿಂತು ಫೋನ್ ಹಚ್ಚಿದರು. ಆ ವಾರ ಮಗ ಕರ್ಕೊಂಡು ಬಂದರಂತೆ. ಅದರಾಚೆಯದು ಅವರ ಮನೆಯ ವಿಷಯ, ಇಲ್ಲಿ ಹೇಳಲ್ಲ.

ಒಂದು ಸ್ಪಷ್ಟನೆ. ಹೊಗೆಸೊಪ್ಪು ಬೆಳೆಯೋರನ್ನ ಬೈಯೋಕೆ ಈ ಕಂತು ಮಾಡ್ತಿಲ್ಲ. ಆ ದುಡ್ಡಲ್ಲಿ ಓದಿದ ಗೆಳೆಯರು ನನಗಿದ್ದಾರೆ. ಕೆನ್ನೆಯಲ್ಲಿ ಇಟ್ಟುಕೊಳ್ಳೋದರ ಬಗ್ಗೆ ಮಾತ್ರ ನನ್ನ ಮಾತು. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ನಮ್ಮ ಮನೆಯವರೂ ಇದ್ದಾರೆ, ನಿಮ್ಮ ಮನೆಯವರೂ ಇರಬಹುದು.

ಇನ್ನು ಲಸಿಕೆ. ಎಚ್‌ಪಿವಿಗೆ ಲಸಿಕೆ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. 9ರಿಂದ 26 ವರ್ಷದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಕೊಡಬಹುದು. ಚಿಕ್ಕ ವಯಸ್ಸಲ್ಲಿ, ವೈರಸ್ ತಗುಲುವ ಮೊದಲೇ ಕೊಟ್ಟರೆ ಲಾಭ ಹೆಚ್ಚು. ಇರುವ ಸೋಂಕನ್ನು ಅದು ವಾಸಿ ಮಾಡಲ್ಲ. ನನಗೆ ಆ ವಯಸ್ಸು ಮೀರಿದೆ. ನಮ್ಮ ಅಕ್ಕನ ಮಗಳಿಗೆ 11. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ನಿನಗ್ಯಾಕೋ ಇದೆಲ್ಲ ಗೊತ್ತು?" ಅಂದಳು. "ಓದಿದೆ ಕಣೇ" ಅಂದೆ. ಡಾಕ್ಟರ ಹತ್ತಿರ ಕೇಳ್ತೀನಿ ಅಂದಿದ್ದಾಳೆ.

ಕೊನೆಗೆ ಉಳಿದದ್ದು ನಾನು ಮದುವೆಯಾಗೋ ಹುಡುಗಿಗೆ ಹೇಳೋದು. ಅವರ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಿದ್ದೀನಿ. ಒಂದು ಭಾನುವಾರ ಫೋನಲ್ಲಿ ಎಲ್ಲ ಹೇಳಿದೆ, ಹಳೆಯ ಸಂಬಂಧ, ಭಯ, ಡಾಕ್ಟರು ಹೇಳಿದ್ದು, ಟೆಸ್ಟ್ ಇಲ್ಲದ ವಿಷಯ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಾಲ್ಕು ತಿಂಗಳು ಇದನ್ನ ಒಬ್ರೇ ಇಟ್ಕೊಂಡಿದ್ರಾ?" ಅಂದರು. ಹೌದು ಅಂದೆ. "ನನಗೆ 25. ಲಸಿಕೆ ನಾನು ತಗೋಬಹುದಲ್ವಾ?" ಅಂತ ಕೇಳಿದರು. ಹಳೆಯ ಸಂಬಂಧದ ಬಗ್ಗೆ ಅವತ್ತು ಏನೂ ಕೇಳಲಿಲ್ಲ. ಒಂದು ವಾರ ಬಿಟ್ಟು ಕೇಳಿದರು. ಅದಕ್ಕೂ ಉತ್ತರ ಕೊಟ್ಟೆ. ಸುಲಭ ಆಗಿರಲಿಲ್ಲ, ಆದರೆ ಮದುವೆ ನಿಂತಿಲ್ಲ.

ಈಗ ರಾತ್ರಿ ಎಂಟಕ್ಕೆ ಊಟ. ಊತ ಬಹಳಷ್ಟು ಇಳಿದಿದೆ. ಪೂರ್ತಿ ಹೋಗಿಲ್ಲ, ಕೆಲವರ ಟಾನ್ಸಿಲ್ ಇರೋದೇ ದೊಡ್ಡದು ಅಂದಿದ್ದಾರೆ. ಟಾರ್ಚ್ ಹಾಕಿ ನೋಡೋದು ಬಿಟ್ಟಿದ್ದೀನಿ. ಡಾಕ್ಟರು ಹೇಳಿದ ದಿನ ಹೋಗಿ ತೋರಿಸ್ತೀನಿ, ಅಷ್ಟೇ.

ನಾನು ಡಾಕ್ಟರ್ ಅಲ್ಲ, ನನ್ನ ಮಾತು ಕೇಳಿ ಔಷಧಿ ತಗೋಬೇಡಿ. ಆದರೆ ನಿಮ್ಮ ಗಂಟಲಲ್ಲೂ ಒಂದು ಪ್ರಶ್ನೆ ಸಿಕ್ಕಿಕೊಂಡಿದ್ದರೆ, ಮೊಬೈಲ್ ಮರೆತೆ ಅಂತ ಸುಳ್ಳು ಹೇಳಿಯಾದರೂ ಸರಿ, ಒಳಗೆ ಹೋಗಿ ಕೇಳಿಬಿಡಿ. ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಒಂದೇ ಕಡೆ ನೋವು ಅಂತಿದ್ದರೆ, ಅವರನ್ನೂ ಕರ್ಕೊಂಡು ಹೋಗಿ.

ಮುಂದಿನ ವಾರ ಸಿಗೋಣ. ನಮಸ್ಕಾರ.